ಒಂದೇ ದೋಣಿಯಲ್ಲಿ ಒಂದು ಕುಟುಂಬ



ಕಳೆದ ರಜೆಯಲ್ಲಿ ನೀವು ಮನೆಮಂದಿಯೆಲ್ಲ ಸೇರಿ ಎಲ್ಲಿಗಾದರೂ ಹೋಗಿದ್ದಿರಾ? ಹೋಗಿದ್ದರೆ, ಆ ಪ್ರವಾಸದಲ್ಲಿ ಎಲ್ಲರೂ ಒಂದೆಡೆ ಕುಳಿತು ಮನಬಿಚ್ಚಿ ಮಾತನಾಡಿದ್ದು ಎಷ್ಟು ಹೊತ್ತು? ನೋಡಬೇಕಾದ ಜಾಗಗಳ ಪಟ್ಟಿ ಉದ್ದವಿರುತ್ತದೆ, ದಿನಗಳು ಕಡಿಮೆ ಇರುತ್ತವೆ. ಓಡಾಟದಲ್ಲೇ ರಜೆ ಮುಗಿಯುತ್ತದೆ. ಮನೆಗೆ ಬಂದ ಮೇಲೆ ಫೋಟೋಗಳಲ್ಲಿ ಎಲ್ಲರೂ ನಗುತ್ತಿರುತ್ತಾರೆ. ಆದರೆ ಯಾರ ಮನಸ್ಸಿನಲ್ಲಿ ಏನಿತ್ತು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಇದು ನಮ್ಮಲ್ಲಿ ಅನೇಕರ ಅನುಭವವಲ್ಲವೇ?

ನಮ್ಮ ಧರ್ಮಕೇಂದ್ರದ ಒಂದು ಕುಟುಂಬ ಕಳೆದ ವರ್ಷದ ದಸರಾ ರಜೆಯಲ್ಲಿ ವಿಯೆಟ್ನಾಂ ದೇಶದ ಹಾಲಾಂಗ್ ಕೊಲ್ಲಿಗೆ ಹೋಗಿಬಂದಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಹೊರಡುವುದಕ್ಕೆ ಎರಡು ತಿಂಗಳು ಮುಂಚೆ ಆ ಮನೆಯ ಯಜಮಾನರು ನನ್ನ ಬಳಿ ಬಂದು ಕೇಳಿದರು: "ಫಾದರ್, ಅಮ್ಮನಿಗೆ ಎಪ್ಪತ್ನಾಲ್ಕು ವರ್ಷ. ಅಲ್ಲಿ ದೋಣಿ ಹತ್ತಬೇಕು, ಗುಹೆ ಹತ್ತಬೇಕು, ಮೆಟ್ಟಿಲು ಬಹಳ. ಅವರನ್ನು ಅಕ್ಕನ ಮನೆಯಲ್ಲಿ ಬಿಟ್ಟು ಹೋದರೆ ತಪ್ಪಾಗುತ್ತದೆಯೇ?"

ತಪ್ಪೋ ಸರಿಯೋ ಎಂದು ನಾನು ಹೇಳಲಿಲ್ಲ. "ಅಮ್ಮನನ್ನೇ ಕೇಳಿದ್ದೀರಾ?" ಎಂದೆ. ಅವರು ಸುಮ್ಮನಾದರು. ಆ ತನಕ ಆ ಪ್ರಶ್ನೆಯನ್ನು ಅಮ್ಮನ ಮುಂದೆ ಯಾರೂ ಇಟ್ಟಿರಲಿಲ್ಲ. ಮನೆಗೆ ಹೋಗಿ ಕೇಳಿದಾಗ ಆಕೆ, "ಮೆಟ್ಟಿಲು ಹತ್ತೋದು ನಿಮ್ಮ ಕೆಲಸ, ದೋಣಿಯಲ್ಲಿ ಕೂರೋದು ನನಗೆ ಬರುತ್ತೆ" ಎಂದರಂತೆ. ಆಕೆ ಹುಟ್ಟಿದ್ದು ಹೊನ್ನಾವರದ ಕಡೆಯ ಒಂದು ಮೀನುಗಾರರ ಮನೆಯಲ್ಲಿ. ಹೀಗೆ ನಾಲ್ವರ ಪ್ರವಾಸ ಐವರದಾಯಿತು. ಅವರು ಮರಳಿದ ಮೇಲೆ ಹೇಳಿದ ಕಥೆಯೂ ಆ ಕೊಲ್ಲಿಯ ಕಥೆಯೂ ಸೇರಿ ನಮಗೆಲ್ಲ ಒಂದು ಪಾಠವಾಗಬಲ್ಲದು. ಆದ್ದರಿಂದ ಈ ವಾರ ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಕೊಲ್ಲಿಯ ಪರಿಚಯ

ಹಾಲಾಂಗ್ ಕೊಲ್ಲಿ ಇರುವುದು ವಿಯೆಟ್ನಾಮಿನ ಈಶಾನ್ಯ ಮೂಲೆಯ ಕ್ವಾಂಗ್ ನಿನ್ ಪ್ರಾಂತ್ಯದಲ್ಲಿ. ರಾಜಧಾನಿ ಹನೋಯ್‌ನಿಂದ ರಸ್ತೆಯಲ್ಲಿ ಎರಡೂವರೆ, ಮೂರು ಗಂಟೆಗಳ ಪ್ರಯಾಣ. ಹಸಿರು ಬಣ್ಣದ ಶಾಂತ ಸಮುದ್ರ. ಅದರೊಳಗಿನಿಂದ ಗೋಡೆಯಂತೆ, ಗೋಪುರದಂತೆ ಎದ್ದು ನಿಂತ 1,900ಕ್ಕೂ ಹೆಚ್ಚು ದ್ವೀಪಗಳು. ಹೆಚ್ಚಿನವು ಸುಣ್ಣಕಲ್ಲಿನವು, ಜನವಸತಿ ಇಲ್ಲದವು. ಯುನೆಸ್ಕೊ 1994ರಲ್ಲಿ ಈ ಕೊಲ್ಲಿಯನ್ನು ಅದರ ಸೌಂದರ್ಯಕ್ಕಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2000ದಲ್ಲಿ ಅದರ ಭೂರಚನೆಯ ಮಹತ್ವವನ್ನೂ ಮನ್ನಿಸಿತು. 2023ರಲ್ಲಿ ಪಕ್ಕದ ಕಾಟ್ ಬಾ ದ್ವೀಪಸಮೂಹವನ್ನೂ ಅದರೊಡನೆ ಸೇರಿಸಲಾಯಿತು.

ಈ ಬಂಡೆಗಳು ಹುಟ್ಟಿದ ಬಗೆಯನ್ನು ಕೇಳಿ. ಸುಮಾರು 34 ಕೋಟಿಯಿಂದ 25 ಕೋಟಿ ವರ್ಷಗಳ ಹಿಂದೆ ಅಲ್ಲೊಂದು ಬೆಚ್ಚಗಿನ ಸಮುದ್ರವಿತ್ತು. ಅದರಲ್ಲಿದ್ದ ಸಣ್ಣ ಸಣ್ಣ ಜೀವಿಗಳ ಚಿಪ್ಪು, ಹವಳ ಮೊದಲಾದವು ತಳದಲ್ಲಿ ಪದರ ಪದರವಾಗಿ ಸೇರಿ, ಒತ್ತಡಕ್ಕೆ ಸಿಕ್ಕಿ ಸುಣ್ಣಕಲ್ಲಾದವು. ಆಮೇಲೆ ಭೂಮಿಯ ಪದರಗಳು ಮೇಲೆದ್ದವು, ಬಿರುಕು ಬಿಟ್ಟವು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ನೀರು ಸುಣ್ಣಕಲ್ಲನ್ನು ಮೆಲ್ಲಗೆ ಕರಗಿಸುತ್ತದೆ. ಬಿರುಕುಗಳು ಕಣಿವೆಗಳಾದವು, ಉಳಿದ ಭಾಗ ಗೋಪುರಗಳಾಗಿ ನಿಂತಿತು. ಕೊನೆಯ ಹಿಮಯುಗ ಮುಗಿದು ಸಮುದ್ರದ ಮಟ್ಟ ಏರಿದಾಗ ಕಣಿವೆಗಳಿಗೆಲ್ಲ ನೀರು ನುಗ್ಗಿತು, ಬೆಟ್ಟಗಳು ದ್ವೀಪಗಳಾದವು. ನಮ್ಮ ಕುಮಟಾ ಬಳಿಯ ಯಾಣದ ಕಪ್ಪು ಬಂಡೆಗಳನ್ನು ನೋಡಿದವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಅವೂ ಸುಣ್ಣಕಲ್ಲಿನವೇ. ಯಾಣದ ಕಾಡನ್ನು ತೆಗೆದು ಅಲ್ಲಿ ಕಡಲನ್ನು ತುಂಬಿದ್ದೇವೆ ಎಂದುಕೊಳ್ಳಿ.

ತಾಯಿ ಇಳಿದ ಜಾಗ, ಮಕ್ಕಳು ನಮಿಸಿದ ಜಾಗ

ವಿಜ್ಞಾನದ ಕಥೆ ಅದು. ಅಲ್ಲಿನ ಜನರು ಹೇಳುವ ಕಥೆ ಬೇರೆ. "ಹಾ ಲಾಂಗ್" ಎಂದರೆ ಡ್ರ್ಯಾಗನ್ ಇಳಿದದ್ದು ಎಂದರ್ಥ. ಹಿಂದೆ ವೈರಿಗಳು ಕಡಲಿನಿಂದ ನುಗ್ಗಿಬಂದಾಗ ಆ ಜನರ ನೆರವಿಗಾಗಿ ತಾಯಿ ಡ್ರ್ಯಾಗನ್ ತನ್ನ ಮರಿಗಳೊಡನೆ ಆಕಾಶದಿಂದ ಇಳಿದಳಂತೆ. ಅವಳು ಬಾಯಿಂದ ಉಗುಳಿದ ಮುತ್ತುಗಳೇ ಬಂಡೆಗಳಾಗಿ ಎದ್ದು ಶತ್ರುಗಳ ಹಡಗುಗಳನ್ನು ತಡೆದವಂತೆ. ಯುದ್ಧ ಮುಗಿದ ಮೇಲೆ ತಾಯಿ ಸ್ವರ್ಗಕ್ಕೆ ಮರಳದೆ ಅಲ್ಲಿಯೇ ಉಳಿದಳು. ಅವಳು ಇಳಿದ ಜಾಗ ಹಾಲಾಂಗ್. ಅದರ ಪಕ್ಕದಲ್ಲೇ ಇನ್ನೊಂದು ಕೊಲ್ಲಿಯಿದೆ, ಹೆಸರು ಬಾಯ್ ತು ಲಾಂಗ್. ಮಕ್ಕಳು ತಾಯಿಗೆ ನಮಿಸಿ ನಿಂತ ಜಾಗ ಅದು ಎನ್ನುತ್ತಾರೆ.

ಕಥೆಯನ್ನು ಕಥೆಯೆಂದೇ ತೆಗೆದುಕೊಳ್ಳೋಣ. ಆದರೂ ಒಂದು ಜನಾಂಗ ತನ್ನ ಅತ್ಯಂತ ಚೆಲುವಾದ ಎರಡು ಕೊಲ್ಲಿಗಳಿಗೆ ತಾಯಿ ಮಕ್ಕಳ ಹೆಸರಿಟ್ಟಿದೆ ಎಂಬುದನ್ನು ಗಮನಿಸಿ. ಗೈಡ್ ಈ ಕಥೆ ಹೇಳುತ್ತಿದ್ದಾಗ ತಾನು ಅಮ್ಮನ ಮುಖ ನೋಡಲಾರದೆ ನೀರನ್ನು ನೋಡುತ್ತಾ ನಿಂತಿದ್ದೆ ಎಂದು ಆ ಮನೆಯ ಯಜಮಾನರೇ ನನ್ನೊಡನೆ ಒಪ್ಪಿಕೊಂಡರು.

ಬಂದರು ಮುಚ್ಚಿದ ದಿನ

ಅದಕ್ಕೂ ಮುಂಚೆ ನಡೆದದ್ದನ್ನು ಹೇಳಬೇಕು. ಅವರು ದೋಣಿ ಹತ್ತಬೇಕಾಗಿದ್ದ ದಿನ ಬೆಳಿಗ್ಗೆ ಬಂದರಿನಿಂದ ಸುದ್ದಿ ಬಂತು. ಸಮುದ್ರದಲ್ಲಿ ಗಾಳಿ ಏಳುವ ಸೂಚನೆ ಇದೆ, ಇಂದು ಯಾವ ಪ್ರವಾಸಿ ದೋಣಿಯೂ ಹೊರಡುವುದಿಲ್ಲ ಎಂದು. ದಡದಲ್ಲಿ ನಿಂತರೆ ಬಿಸಿಲು, ನೀರು ಶಾಂತ. ಯಜಮಾನರಿಗೆ ಸಿಟ್ಟು ಬಂತು. ದುಡ್ಡು ಕಟ್ಟಿಯಾಗಿದೆ, ರಜೆ ಇರುವುದೇ ಆರು ದಿನ. ಗೈಡ್ ಹುಡುಗನ ಮೇಲೆ ಕೂಗಾಡಿದರು. ಬೇರೆ ದೋಣಿ ಸಿಗುತ್ತದೆಯೇ, ಹೆಚ್ಚು ಹಣ ಕೊಟ್ಟರೆ ಆಗುತ್ತದೆಯೇ ಎಂದೂ ಕೇಳಿದರು. ಮಕ್ಕಳು ಮುಖ ಊದಿಸಿಕೊಂಡರು.

ಆಗ ಅಜ್ಜಿ ಮಗನ ತೋಳು ಹಿಡಿದು ಹೇಳಿದರಂತೆ: "ಮಗಾ, ಕಡಲು ಬೇಡ ಅಂದ ದಿನ ನನ್ನಪ್ಪ ದೋಣಿ ಇಳಿಸ್ತಿರಲಿಲ್ಲ. ಆ ದಿನ ಮನೇಲಿ ಬರೀ ಗಂಜಿ. ಆದ್ರೆ ಅಪ್ಪ ಮನೇಲಿ ಇರ್ತಿದ್ದ."

ಮಗ ಸುಮ್ಮನಾದರು. ಆ ದಿನವಿಡೀ ಐವರೂ ಹೋಟೆಲಿನ ಒಂದೇ ಕೋಣೆಯಲ್ಲಿ ಕುಳಿತರು. ಅಜ್ಜಿ ತನ್ನ ಬಾಲ್ಯದ ಕಥೆ ತೆಗೆದರು. ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆ ಎಳೆದು ಮುಚ್ಚಿಡುತ್ತಿದ್ದುದು, ಒಣಮೀನು ತಿಂದು ಆ ತಿಂಗಳುಗಳನ್ನು ಕಳೆಯುತ್ತಿದ್ದುದು, ಒಮ್ಮೆ ಪಕ್ಕದ ಮನೆಯ ದೋಣಿ ಮರಳಿ ಬಾರದೆ ಇದ್ದಾಗ ಇಡೀ ಕೇರಿ ಜಪಸರ ಹಿಡಿದು ದಡದಲ್ಲಿ ನಿಂತದ್ದು. ಹದಿನೈದು ವರ್ಷದ ಮೊಮ್ಮಗಳು ಇದೊಂದನ್ನೂ ಕೇಳಿರಲಿಲ್ಲ. ಮಗನೂ ಅರ್ಧ ಕೇಳಿರಲಿಲ್ಲ. ಸಂಜೆಯ ಹೊತ್ತಿಗೆ ಗಾಳಿ ಎದ್ದಿತು, ಕಿಟಕಿಯ ಗಾಜು ನಡುಗುವಷ್ಟು.

ಇದು ಉತ್ಪ್ರೇಕ್ಷೆಯ ಭಯವೆಂದು ಯಾರೂ ತಿಳಿಯಬಾರದು. 2025ರ ಜುಲೈ 19ರಂದು ಇದೇ ಕೊಲ್ಲಿಯಲ್ಲಿ ಮಧ್ಯಾಹ್ನದ ಹೊತ್ತು ಹಠಾತ್ತನೆ ಸಿಡಿಲು ಮಳೆ ಬಿರುಗಾಳಿ ಎದ್ದು, ನಲವತ್ತಕ್ಕೂ ಹೆಚ್ಚು ಜನರಿದ್ದ ಒಂದು ಪ್ರವಾಸಿ ದೋಣಿ ಮಗುಚಿತು. ಸತ್ತವರು 35ಕ್ಕೂ ಹೆಚ್ಚು. ಪ್ರವಾಸಿಗಳಲ್ಲಿ ಬಹುಪಾಲು ಹನೋಯ್‌ನಿಂದ ರಜೆಗೆಂದು ಬಂದ ಕುಟುಂಬಗಳು, ಮಕ್ಕಳೂ ಅನೇಕರಿದ್ದರು. ಅದಕ್ಕೂ ಹಿಂದಿನ ವರ್ಷ, 2024ರ ಸೆಪ್ಟೆಂಬರಿನಲ್ಲಿ, ಯಾಗಿ ಎಂಬ ಚಂಡಮಾರುತ ಬಂದಾಗ ಬಂದರಿನಲ್ಲಿ ಕಟ್ಟಿಹಾಕಿದ್ದ ದೋಣಿಗಳೇ ಮುಳುಗಿದ್ದವು. ದ್ವೀಪಗಳ ಮರೆಯಲ್ಲಿ ಸದಾ ಶಾಂತವಾಗಿ ಕಾಣುವ ನೀರು ಅದು. ಆದರೆ ಕಡಲು ಕಡಲೇ.

ಪ್ರೇಷಿತರ ಕಾರ್ಯಕಲಾಪಗಳು 27ನೆಯ ಅಧ್ಯಾಯವನ್ನು ಒಮ್ಮೆ ತೆರೆದು ಓದಿ. ಸಂತ ಪೌಲರು ಕೈದಿಯಾಗಿ ರೋಮಿಗೆ ಹೋಗುತ್ತಿದ್ದ ಹಡಗು ಕ್ರೇತ ದ್ವೀಪದಲ್ಲಿ ತಂಗಿದ್ದಾಗ, ಕಾಲ ಮೀರಿದೆ, ಈಗ ಹೊರಡುವುದು ಅಪಾಯ ಎಂದು ಪೌಲರು ಎಚ್ಚರಿಸಿದರು. ಆದರೆ ಶತಾಧಿಪತಿ ನಾವಿಕನ ಮಾತನ್ನೂ ಹಡಗಿನ ಯಜಮಾನನ ಮಾತನ್ನೂ ಹೆಚ್ಚಾಗಿ ನಂಬಿದ. ತಂಗಿದ್ದ ಬಂದರು ಅನುಕೂಲವಾಗಿರಲಿಲ್ಲ, ಇನ್ನೂ ಚೆನ್ನಾದ ಬಂದರು ಬೇಕಿತ್ತು. ತಂಪಾದ ತೆಂಕಣಗಾಳಿಯೂ ಬೀಸಿ ಆಸೆ ಹುಟ್ಟಿಸಿತು. ಮುಂದೆ ಆದದ್ದೇನು? ಹದಿನಾಲ್ಕು ದಿನಗಳ ಬಿರುಗಾಳಿ. ದೇವರ ಕೃಪೆಯಿಂದ 276 ಜೀವಗಳು ಉಳಿದವು, ಹಡಗು ಉಳಿಯಲಿಲ್ಲ. ಹೊರಡಬೇಡಿ ಎಂದವರ ಮಾತು ನಮ್ಮ ಹಣಕ್ಕೋ ಅನುಕೂಲಕ್ಕೋ ಎದುರಾದಾಗ ನಾವು ಅದನ್ನು ಹೇಗೆ ತಳ್ಳಿಹಾಕುತ್ತೇವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೆ?

ಹನಿ ಹನಿಯಾಗಿ

ಮರುದಿನ ಗಾಳಿ ನಿಂತು, ಮಧ್ಯಾಹ್ನದ ಹೊತ್ತಿಗೆ ಅವರ ದೋಣಿ ಹೊರಟಿತು. ಒಂದು ರಾತ್ರಿ ದೋಣಿಯಲ್ಲೇ ತಂಗುವ ವಿಹಾರ. ಮಲಗಲು ಕೋಣೆ, ಊಟದ ಮನೆ, ಮೇಲೆ ತೆರೆದ ಅಟ್ಟ. ದೋಣಿಯ ವೇಗ ಸೈಕಲ್ಲಿನಷ್ಟು. ಬಂಡೆಗಳ ಮರೆಯಲ್ಲಿ ಮೊಬೈಲ್ ಆಗಾಗ ಕೈಕೊಡುತ್ತಿತ್ತು. ಮೊದಲ ಒಂದು ಗಂಟೆ ಮಕ್ಕಳಿಗೆ ಏನು ಮಾಡಬೇಕೆಂದೇ ತೋಚಲಿಲ್ಲವಂತೆ. ಎರಡನೆಯ ಗಂಟೆಯಲ್ಲಿ ಇಬ್ಬರೂ ಬಂಡೆಗಳಿಗೆ ಹೆಸರಿಡಲು ಶುರುಮಾಡಿದರು. ಅಲ್ಲಿನವರೂ ಅದನ್ನೇ ಮಾಡಿದ್ದಾರೆ. ಎದುರುಬದುರು ನಿಂತ ಜೋಡಿಬಂಡೆಗೆ ಕಾದಾಡುವ ಹುಂಜಗಳೆಂದೂ, ಇನ್ನೊಂದಕ್ಕೆ ಧೂಪದ ಪಾತ್ರೆಯೆಂದೂ ಹೆಸರಿದೆ. ಆ ಧೂಪದ ಪಾತ್ರೆಯ ಬಂಡೆಯ ಚಿತ್ರ ವಿಯೆಟ್ನಾಮಿನ ಎರಡು ಲಕ್ಷ ಡಾಂಗ್ ನೋಟಿನ ಮೇಲೂ ಇದೆ.

ನಂತರ ಸುಂಗ್ ಸೊಟ್ ಎಂಬ ದೊಡ್ಡ ಗುಹೆ. ಅಚ್ಚರಿಯ ಗುಹೆ ಎಂದು ಅದರ ಅರ್ಥ. ಒಳಗೆ ಚಾವಣಿಯಿಂದ ಕಲ್ಲಿನ ಜಡೆಗಳು ಇಳಿಬಿದ್ದಿವೆ, ನೆಲದಿಂದ ಕಲ್ಲಿನ ಕಂಬಗಳು ಮೇಲೆದ್ದಿವೆ. ಬಂಡೆಯ ಸುಣ್ಣವನ್ನು ಕರಗಿಸಿಕೊಂಡು ಸೋರುವ ನೀರಿನ ಪ್ರತಿಯೊಂದು ಹನಿಯೂ ಬೀಳುವ ಮುಂಚೆ ಕಣ್ಣಿಗೆ ಕಾಣದಷ್ಟು ಸುಣ್ಣವನ್ನು ಅಲ್ಲಿ ಬಿಟ್ಟುಹೋಗುತ್ತದೆ. ಹಾಗೆ ಬೆಳೆದದ್ದು ಅದು. ಸಾವಿರ ವರ್ಷ ಕಳೆದರೂ ಸಾಮಾನ್ಯವಾಗಿ ಒಂದು ಗೇಣು ಬೆಳೆಯುವುದಿಲ್ಲ. ಇಂಥ ಗುಹೆಗಳಲ್ಲಿ ಕಲ್ಲನ್ನು ಮುಟ್ಟಬೇಡಿ ಎಂದು ಏಕೆ ಹೇಳುತ್ತಾರೆ ಗೊತ್ತೇ? ನಮ್ಮ ಕೈಯ ಎಣ್ಣೆಯ ಪಸೆ ಅಂಟಿದ ಜಾಗದಲ್ಲಿ ಸುಣ್ಣ ಸರಿಯಾಗಿ ಕೂರುವುದಿಲ್ಲ. ಕಲೆಯಾಗುತ್ತದೆ, ಬೆಳವಣಿಗೆ ನಿಂತುಹೋಗಬಹುದು. ಸಾವಿರಾರು ವರ್ಷದ ಕೆಲಸಕ್ಕೆ ಒಂದು ಕ್ಷಣದ ಅಜಾಗರೂಕತೆಯ ಪೆಟ್ಟು.

ಕುಟುಂಬದ ಪ್ರೀತಿಯೂ ಹೀಗೆಯೇ ಬೆಳೆಯುವುದಲ್ಲವೇ? ಬೆಳಗಿನ ಕಾಫಿ, ಶಾಲೆಗೆ ಕಟ್ಟಿಕೊಟ್ಟ ಬುತ್ತಿ, ಜ್ವರ ಬಂದ ರಾತ್ರಿ ಪಕ್ಕದಲ್ಲಿ ಕುಳಿತದ್ದು, ಮಲಗುವ ಮುಂಚೆ ಕೂಡಿ ಹೇಳಿದ ಪ್ರಾರ್ಥನೆ. ಒಂದೊಂದೂ ಒಂದೊಂದು ಹನಿ, ಆ ದಿನಕ್ಕೆ ಏನೂ ಕಾಣಿಸುವುದಿಲ್ಲ. ಸಿಟ್ಟಿನಲ್ಲಿ ಆಡಿದ ಒಂದು ಕೆಟ್ಟ ಮಾತು ಮಾತ್ರ ತಕ್ಷಣ ಕಾಣಿಸುತ್ತದೆ, ಬಹಳ ಕಾಲ ಉಳಿಯುತ್ತದೆ. ದೊಡ್ಡ ಪ್ರವಾಸ, ದುಬಾರಿ ಉಡುಗೊರೆ ಇವುಗಳಿಂದ ಆ ಕಲೆಯನ್ನು ಒಂದೇ ದಿನದಲ್ಲಿ ತೊಳೆಯಲಾಗದು. ಮತ್ತೆ ಹನಿ ಹನಿಯಾಗಿಯೇ ಕಟ್ಟಬೇಕು.

ಯಾರು ಹತ್ತುವುದು, ಯಾರು ಕಾಯುವುದು?

ಗುಹೆಯ ನಂತರ ಟಿಟೊಪ್ ದ್ವೀಪ. ರಷ್ಯದ ಗಗನಯಾತ್ರಿ ಗೆರ್ಮನ್ ಟಿಟೊವ್ 1962ರಲ್ಲಿ ಹೊ ಚಿ ಮಿನ್ ಅವರೊಡನೆ ಇಲ್ಲಿಗೆ ಬಂದಿದ್ದರಿಂದ ಈ ಹೆಸರು. ಕೆಳಗೆ ಪುಟ್ಟ ಮರಳ ದಂಡೆ. ಸುಮಾರು ನಾನೂರು ಮೆಟ್ಟಿಲು ಹತ್ತಿದರೆ ಇಡೀ ಕೊಲ್ಲಿ ಕಾಣುತ್ತದೆ. ಯಜಮಾನರು ಮೊದಲು ಹೆದರಿದ್ದು ಇದೇ ಮೆಟ್ಟಿಲುಗಳಿಗೆ. ಈಗ ಅಜ್ಜಿಯನ್ನು ಏನು ಮಾಡುವುದು?

ಸುಲಭವಾಗಿ ಪರಿಹಾರವಾಯಿತು. ಮೊದಲು ಯಜಮಾನರು ಮಕ್ಕಳೊಡನೆ ಹತ್ತಿದರು, ಸೊಸೆ ಅತ್ತೆಯ ಜೊತೆ ಮರಳಲ್ಲಿ ಕುಳಿತರು. ಅವರು ಇಳಿದ ಮೇಲೆ ಸೊಸೆ ಹತ್ತಿದರು, ಮಗ ತಾಯಿಯ ಜೊತೆ ಕುಳಿತರು. ಯಾರೂ ಯಾವುದನ್ನೂ ಕಳೆದುಕೊಳ್ಳಲಿಲ್ಲ. ಬೇಕಾಗಿದ್ದು ಅರ್ಧ ಗಂಟೆಯ ತಾಳ್ಮೆ ಮಾತ್ರ. "ಅತ್ತೆಯ ಜೊತೆ ಮನೆಕೆಲಸದ ಮಾತು ಬಿಟ್ಟು ಬೇರೆ ಮಾತಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು, ಫಾದರ್" ಎಂದು ಆ ಸೊಸೆ ಹೇಳಿದರು. ಮನೆಯಲ್ಲಿ ವಯಸ್ಸಾದವರಿದ್ದಾರೆ, ಅಂಗವಿಕಲ ಮಗುವಿದೆ ಎಂಬ ಕಾರಣಕ್ಕೆ ಅವರನ್ನು ಬಿಟ್ಟುಹೋಗುವ, ಇಲ್ಲವೇ ಪ್ರವಾಸವನ್ನೇ ಕೈಬಿಡುವ ಕುಟುಂಬಗಳು ಈ ಸಣ್ಣ ಉಪಾಯವನ್ನು ಗಮನಿಸಲಿ.

ರಾತ್ರಿ ದೋಣಿ ಲಂಗರು ಹಾಕಿದ ಮೇಲೆ ಸಿಬ್ಬಂದಿ ನೀರಿಗೆ ದೀಪ ಹಿಡಿದು ಬೊಂಡಾಸ ಹಿಡಿಯಲು ಗಾಳ ಕೊಟ್ಟರಂತೆ. ಉಳಿದವರಿಗೆ ಒಂದೂ ಸಿಗಲಿಲ್ಲ. ಅಜ್ಜಿಗೆ ಎರಡು ಸಿಕ್ಕಿತು. ಮೊಮ್ಮಕ್ಕಳ ಕಣ್ಣಲ್ಲಿ ಅಜ್ಜಿ ಅಂದು ದೊಡ್ಡವರಾದರು.

ಮಕ್ಕಳಿಗಾಗಿ ಕಡಲು ಬಿಟ್ಟವರು

ಬೆಳಿಗ್ಗೆ ಅವರನ್ನು ಬಿದಿರಿನ ದೋಣಿಯಲ್ಲಿ ಕೂರಿಸಿ ಒಬ್ಬ ಹೆಂಗಸು ಬಂಡೆಗಳ ನಡುವೆ ಹುಟ್ಟುಹಾಕಿಕೊಂಡು ಹೋದಳು. ಅಲ್ಲಿನ ಬದುಕನ್ನೂ ತಿಳಿಯಬೇಕು. ಕುವಾ ವಾನ್, ವುಂಗ್ ವಿಯೆಂಗ್ ಮುಂತಾದ ತೇಲುವ ಹಳ್ಳಿಗಳಲ್ಲಿ ತಲೆಮಾರುಗಳಿಂದ ಮೀನುಗಾರ ಕುಟುಂಬಗಳು ತೆಪ್ಪದ ಮೇಲೆ ಮನೆ ಕಟ್ಟಿಕೊಂಡು ಬಾಳಿದ್ದವು. ಅಂಗಳವಿಲ್ಲ, ಬಾಗಿಲು ತೆರೆದರೆ ನೀರು. ಶಾಲೆಯೂ ತೆಪ್ಪದ ಮೇಲೆಯೇ. 2014ರಲ್ಲಿ ಅಲ್ಲಿನ ಸರಕಾರ 300ಕ್ಕೂ ಹೆಚ್ಚು ಕುಟುಂಬಗಳನ್ನು ದಡದ ಮೇಲಿನ ಬಡಾವಣೆಗೆ ಸ್ಥಳಾಂತರಿಸಿತು. ಬಿರುಗಾಳಿಯ ಭಯ, ಮಕ್ಕಳ ವಿದ್ಯಾಭ್ಯಾಸ, ಕೊಲ್ಲಿಯ ಶುಚಿತ್ವ ಇವೆಲ್ಲ ಅದಕ್ಕೆ ಕಾರಣಗಳಾಗಿದ್ದವು. ದಡದಲ್ಲಿ ಗಟ್ಟಿ ಮನೆ, ಶಾಲೆ, ಆಸ್ಪತ್ರೆ ಸಿಕ್ಕಿತು. ಆದರೆ ಮೀನು ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲದವರಿಗೆ ಅನ್ನ ದೂರವಾಯಿತು. ಆದ್ದರಿಂದ ಇಂದಿಗೂ ಕೆಲವರು ದಡದಿಂದ ಹಳೆಯ ಹಳ್ಳಿಗೆ ಬಂದು ಪ್ರವಾಸಿಗಳಿಗೆ ದೋಣಿ ನಡೆಸುತ್ತಾರೆ.

ನಮ್ಮ ನಮ್ಮ ಮನೆಗಳಲ್ಲೂ ಇಂಥವರಿಲ್ಲವೇ? ಹಳ್ಳಿಯ ಮನೆ, ಗದ್ದೆ, ಕಡಲು ಬಿಟ್ಟು ಮಕ್ಕಳ ಶಾಲೆಗಾಗಿ ಪೇಟೆಗೆ ಬಂದವರು? ಆ ಅಜ್ಜಿಯೂ ಅವರಲ್ಲೊಬ್ಬರು. ಹುಟ್ಟುಹಾಕುತ್ತಿದ್ದ ಹೆಂಗಸಿನ ಅಂಗೈಯ ಗಡ್ಡೆಗಳನ್ನು ನೋಡಿ ಅಜ್ಜಿ ತನ್ನ ಅಂಗೈಯನ್ನೂ ಚಾಚಿ ತೋರಿಸಿದರಂತೆ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಇಬ್ಬರೂ ನಕ್ಕರಂತೆ.

ನೀವೂ ಹೋಗುವುದಾದರೆ

ಇಂಥ ಪ್ರವಾಸ ಎಲ್ಲರ ಕೈಗೆಟುಕುವಂಥದ್ದಲ್ಲ ಎಂದು ಬಲ್ಲೆ. ಹೋಗಬಲ್ಲವರು ಈ ಮಾತುಗಳನ್ನು ನೆನಪಿಡಿ. ಮಾರ್ಚ್ ಕೊನೆಯಿಂದ ಮೇ, ಹಾಗೂ ಅಕ್ಟೋಬರ್, ನವೆಂಬರ್ ತಿಂಗಳುಗಳು ಸಾಮಾನ್ಯವಾಗಿ ಹಿತ. ಜೂನ್‌ನಿಂದ ಅಕ್ಟೋಬರ್‌ವರೆಗೆ ಚಂಡಮಾರುತ ಬರಬಹುದು, ಆದ್ದರಿಂದ ಅಕ್ಟೋಬರಿನಲ್ಲೂ ಒಂದು ದಿನವನ್ನು ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಳ್ಳಿ. ಲೈಫ್ ಜಾಕೆಟ್ ಎಲ್ಲಿದೆ, ಮಕ್ಕಳ ಅಳತೆಯದು ಇದೆಯೇ ಎಂದು ದೋಣಿ ಹತ್ತಿದ ಕೂಡಲೇ ಕೇಳಿ. ಹೊರಬರುವ ದಾರಿಗಳನ್ನು ಮಕ್ಕಳಿಗೂ ತೋರಿಸಿ. ದೋಣಿ ಹೊರಡುವುದಿಲ್ಲ ಎಂದು ಹೇಳಿದವರೊಡನೆ ಜಗಳವಾಡಬೇಡಿ, ಅವರು ನಿಮ್ಮ ಮಕ್ಕಳ ಪರವಾಗಿ ಮಾತನಾಡುತ್ತಿದ್ದಾರೆ. ಪ್ಲಾಸ್ಟಿಕ್ಕನ್ನು ನೀರಿಗೆಸೆಯದೆ ದಡಕ್ಕೆ ತನ್ನಿ. ಭಾನುವಾರ ಅಲ್ಲಿರುವವರಿಗೆ ಒಂದು ಮಾತು: ಆ ಪ್ರಾಂತ್ಯ ಹೈಫಾಂಗ್ ಧರ್ಮಪ್ರಾಂತ್ಯಕ್ಕೆ ಸೇರಿದೆ, ದಡದ ಹೋನ್ ಗಾಯ್‌ನಲ್ಲಿ ನಮ್ಮ ದೇವಾಲಯವಿದೆ.

ಹೋಗಲಾಗದವರು ಬೇಸರಿಸಬೇಡಿ. ಆ ಕುಟುಂಬಕ್ಕೆ ಅತ್ಯಂತ ನೆನಪುಳಿದ ದಿನ ಯಾವುದು ಎಂದು ನಾನು ಮಕ್ಕಳನ್ನು ಕೇಳಿದೆ. ಗುಹೆಯೋ, ದ್ವೀಪವೋ ಎಂದುಕೊಂಡಿದ್ದೆ. "ದೋಣಿ ಹೋಗದ ದಿನ, ಫಾದರ್. ಅಜ್ಜಿ ಕಥೆ ಹೇಳಿದ್ದು" ಎಂದಳು ಮೊಮ್ಮಗಳು. ಅಂಥ ಒಂದು ದಿನಕ್ಕೆ ವಿಮಾನದ ಟಿಕೆಟ್ ಬೇಕಿಲ್ಲ. ನಿಮ್ಮ ಮನೆಯ ಬಾಗಿಲು ಮುಚ್ಚಿ, ಟಿವಿ ಮೊಬೈಲ್ ಆರಿಸಿ, ಮನೆಯ ಹಿರಿಯರನ್ನು ನಡುವೆ ಕೂರಿಸಿ. ನೀವೆಲ್ಲರೂ ಈಗಾಗಲೇ ಒಂದೇ ದೋಣಿಯಲ್ಲಿದ್ದೀರಿ.

ಮನೆಯಲ್ಲಿ ಕೂಡಿ ಚರ್ಚಿಸಲು

1. ನಮ್ಮ ಮನೆಯ ಹಿರಿಯರ ಬಾಲ್ಯದ ಬಗ್ಗೆ ಮಕ್ಕಳಿಗೆ ಏನು ಗೊತ್ತು? ಗೊತ್ತಿಲ್ಲದ ಒಂದು ಸಂಗತಿಯನ್ನು ಈ ವಾರ ಕೇಳಿ ತಿಳಿಯೋಣ.

2. ಅವರನ್ನು ಕೇಳದೆಯೇ ಅವರ ಪರವಾಗಿ ನಾವು ಮಾಡಿದ ತೀರ್ಮಾನ ಯಾವುದಾದರೂ ಇದೆಯೇ?

3. ಸಿಟ್ಟಿನ ಮಾತಿನಿಂದ ಕಲೆಯಾದ ಸಂಬಂಧ ನಮ್ಮ ಮನೆಯಲ್ಲಿ ಯಾವುದು? ಅದನ್ನು ಸರಿಪಡಿಸಲು ಮೊದಲ ಹನಿ ಯಾರು ಹಾಕುತ್ತಾರೆ?

4. "ಈಗ ಬೇಡ" ಎಂದ ಯಾರ ಎಚ್ಚರಿಕೆಯನ್ನು ನಾವು ಹಣಕ್ಕಾಗಿ, ಆಸೆಗಾಗಿ ಕಡೆಗಣಿಸುತ್ತಿದ್ದೇವೆ?